ಬಾಡಿಗೆಯೇ ಕಂತು ಕಟ್ಟುತ್ತದೆಯೇ? ಬಾಡಿಗೆಗೆಂದು ಮನೆ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

"ಮನೆ ಕೊಳ್ಳಿ, ಬಾಡಿಗೆಗೆ ಬಿಡಿ. ಬ್ಯಾಂಕಿನ ಕಂತನ್ನು ಬಾಡಿಗೆದಾರನೇ ಕಟ್ಟುತ್ತಾನೆ. 20 ವರ್ಷ ಆದ ಮೇಲೆ ಮನೆ ನಿಮ್ಮದು. ಶ್ರೀಮಂತರ ಗುಟ್ಟು ಇಷ್ಟೇ!"

ಈ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಲವದರ ಜೊತೆ ಹೊಳೆಯುವ ಅಪಾರ್ಟ್‌ಮೆಂಟಿನ ಚಿತ್ರ ಇರುತ್ತದೆ, ಕೆಲವದರ ಕೊನೆಯಲ್ಲಿ ಒಂದು ಫೋನ್ ನಂಬರ್. ನಂಬರ್ ಇದ್ದರೆ ಅದು ಸಲಹೆ ಅಲ್ಲ, ಜಾಹೀರಾತು. ಅಷ್ಟು ಮಾತ್ರ ಮೊದಲೇ ಹೇಳಿಬಿಡಬಹುದು.

ಆದರೆ ಈ ಸಂದೇಶವನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಬಾಡಿಗೆ ಮನೆಗಳಿಂದಲೇ ನೆಮ್ಮದಿಯಾಗಿ ಬದುಕುತ್ತಿರುವ ಎಷ್ಟೋ ಜನ ನಮ್ಮ ಸುತ್ತ ಇದ್ದಾರೆ. ಅವರಲ್ಲಿ ಹೆಚ್ಚಿನವರು 30 ವರ್ಷದ ಹಿಂದೆ ಸೈಟು ಕೊಂಡವರು, ಸಾಲ ಮುಗಿದ ಮೇಲೆ ಮೇಲೊಂದು ಮಹಡಿ ಕಟ್ಟಿಸಿದವರು. ಇವತ್ತು ಇವತ್ತಿನ ಬೆಲೆ ಕೊಟ್ಟು, ಇವತ್ತಿನ ಬಡ್ಡಿಗೆ ಸಾಲ ಮಾಡಿ ಫ್ಲ್ಯಾಟ್ ಕೊಳ್ಳುವವರ ಲೆಕ್ಕ ಬೇರೆಯೇ. ಇದಕ್ಕೆ ಹಾಕುವ ಹಣವೂ ಸಾಮಾನ್ಯ ಹಣವಲ್ಲ. ನಿವೃತ್ತಿಯಾದಾಗ ಕೈಗೆ ಬಂದ ಪಿಎಫ್, ಊರಿನ ಜಮೀನು ಮಾರಿದ ದುಡ್ಡು, ಮಗಳ ಮದುವೆಗೆಂದು ಇಟ್ಟ ಠೇವಣಿ. ಒಂದು ಸಲ ಎಡವಿದರೆ ಮತ್ತೆ ಕೂಡಿಸಲು ವಯಸ್ಸೇ ಇರುವುದಿಲ್ಲ.

ಹಾಗಾದರೆ ನಿಜ ಎಷ್ಟು?

ಒಂದು ಫ್ಲ್ಯಾಟಿನ ಲೆಕ್ಕ

ಬೆಂಗಳೂರಿನ ಒಂದು ಸಾಧಾರಣ ಬಡಾವಣೆಯಲ್ಲಿ 80 ಲಕ್ಷ ರೂಪಾಯಿಯ ಎರಡು ಬೆಡ್‌ರೂಮ್ ಫ್ಲ್ಯಾಟ್ ಇದೆ ಎಂದುಕೊಳ್ಳಿ. ತಿಂಗಳಿಗೆ 25 ಸಾವಿರ ಬಾಡಿಗೆ ಬರುತ್ತದೆ. ವರ್ಷಕ್ಕೆ 3 ಲಕ್ಷ. 80 ಲಕ್ಷಕ್ಕೆ 3 ಲಕ್ಷ ಅಂದರೆ ಶೇ. 3.75. ಬೆಂಗಳೂರಿನ ವಸತಿ ಫ್ಲ್ಯಾಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ ಶೇ. 3ರಿಂದ 4ರ ಮಟ್ಟ. ಬ್ರೋಕರ್‌ಗಳು ಹೇಳುವ 'ರೆಂಟಲ್ ಯೀಲ್ಡ್' ಇದೇ. ಆದರೆ ಇದು ಕಾಗದದ ಮೇಲಿನ ಸಂಖ್ಯೆ, ನಿಮ್ಮ ಕೈಗೆ ಬರುವುದಲ್ಲ.

ಮೊದಲು ಖರ್ಚಿನ ಕಡೆ ನೋಡೋಣ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಯಿತು. ಎಲ್ಲ ಸೇರಿ ಶೇ. 7.6ರ ಹತ್ತಿರ, ಅಂದರೆ ಸುಮಾರು 6 ಲಕ್ಷ. ಖಾಲಿ ಗೋಡೆಯ ಮನೆಗೆ ಬಾಡಿಗೆದಾರರು ಬರುವುದಿಲ್ಲ. ವಾರ್ಡ್‌ರೋಬ್, ಅಡುಗೆಮನೆಯ ಕ್ಯಾಬಿನೆಟ್, ಗೀಸರ್, ಫ್ಯಾನು, ಸೊಳ್ಳೆ ಜಾಲರಿ ಎಲ್ಲಕ್ಕೂ ಕೈ ಬಿಗಿ ಹಿಡಿದರೂ 4 ಲಕ್ಷ ಎನ್ನಿ. 80 ಲಕ್ಷದ ಮನೆ 90 ಲಕ್ಷಕ್ಕೆ ಬಂತು.

ಈಗ ಬರುವ ಹಣ. ಬಾಡಿಗೆದಾರರು ಬದಲಾದಾಗ ಮನೆ ಖಾಲಿ ಇರುತ್ತದೆ. ವರ್ಷಕ್ಕೆ ಒಂದೇ ತಿಂಗಳು ಖಾಲಿ ಎಂದುಕೊಂಡರೂ 25 ಸಾವಿರ ಹೋಯಿತು. ಎರಡು ವರ್ಷಕ್ಕೊಮ್ಮೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಟ್ಟರೆ ವರ್ಷದ ಪಾಲು 12,500. ಆಸ್ತಿ ತೆರಿಗೆ ಸುಮಾರು 10 ಸಾವಿರ (ಬೆಂಗಳೂರಿನಲ್ಲಿ ಸ್ವಂತ ವಾಸದ ಮನೆಗಿಂತ ಬಾಡಿಗೆ ಮನೆಗೆ ದರ ಹೆಚ್ಚು ಎಂಬುದು ಹಲವರಿಗೆ ಬಿಲ್ ಬಂದ ಮೇಲೆಯೇ ಗೊತ್ತಾಗುವುದು). ನಲ್ಲಿ ಸೋರುವುದು, ಬಾತ್‌ರೂಮಿನ ತೇವ ಕೆಳಗಿನ ಮನೆಯ ಸೀಲಿಂಗಿಗೆ ಇಳಿಯುವುದು, ಮೋಟರ್ ಸುಟ್ಟು ಅಸೋಸಿಯೇಷನ್ ಎಲ್ಲರಿಂದ ದುಡ್ಡು ಎತ್ತುವುದು, ಇವಕ್ಕೆಲ್ಲ 20 ಸಾವಿರ. ಖಾಲಿ ಇದ್ದ ತಿಂಗಳ ಮೇಂಟೆನೆನ್ಸ್ ಓನರ್ ತಲೆಗೇ, ಅದೊಂದು 3,500. ಕಳೆದರೆ ಉಳಿಯುವುದು 2,29,000. 90 ಲಕ್ಷಕ್ಕೆ ಇದು ಶೇ. 2.5. ಆದಾಯ ತೆರಿಗೆ ಇನ್ನೂ ಬಂದಿಲ್ಲ.

ಇನ್ನು ಸಾಲ. ಬೆಲೆಯ ಶೇ. 80, ಅಂದರೆ 64 ಲಕ್ಷವನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 55,500. ಖರ್ಚು ಕಳೆದು ಬಾಡಿಗೆಯಿಂದ ಕೈಗೆ ಸಿಗುವುದು ತಿಂಗಳಿಗೆ 19 ಸಾವಿರ. ಉಳಿದ 36 ಸಾವಿರ ನಿಮ್ಮ ಸಂಬಳದಿಂದಲೇ ಹೋಗಬೇಕು. ಕಂತನ್ನು ಬಿಡಿ, ಮೊದಲ ವರ್ಷ ಬ್ಯಾಂಕಿಗೆ ಹೋಗುವ ಬಡ್ಡಿಯೊಂದೇ 5 ಲಕ್ಷ 39 ಸಾವಿರದಷ್ಟು. ಖರ್ಚು ಕಳೆದ ಬಾಡಿಗೆ ಅದರ ಅರ್ಧಕ್ಕೂ ಮುಟ್ಟುವುದಿಲ್ಲ.

ನಿಮ್ಮ ಊರಿನ ಬೆಲೆ, ಬಾಡಿಗೆ, ಬಡ್ಡಿ ಬೇರೆ ಇರಬಹುದು. ಸಂಖ್ಯೆ ಬದಲಿಸಿ ಇದೇ ಲೆಕ್ಕ ಹಾಕಿ. ಶೇ. 8ರ ಆಸುಪಾಸಿನ ಬಡ್ಡಿಗೆ ಸಾಲ ತಂದು ಶೇ. 3ರ ಆಸುಪಾಸಿನ ಆದಾಯದ ವಸ್ತು ಕೊಂಡರೆ ಬಾಡಿಗೆಯೇ ಕಂತು ಕಟ್ಟುವುದು ಸಾಧ್ಯವಿಲ್ಲ. ಸಂದೇಶದ ಆ ಸಾಲು ತಪ್ಪು.

ಹಾಗಾದರೆ ಜನ ಯಾಕೆ ಕೊಳ್ಳುತ್ತಾರೆ?

ಬೆಲೆ ಏರುತ್ತದೆ ಎಂಬ ನಂಬಿಕೆಯಿಂದ. ಬಾಡಿಗೆಯ ಹೂಡಿಕೆ ಎಂದು ಕರೆಯುವುದು ಬಹುಪಾಲು ಬೆಲೆಯೇರಿಕೆಯ ಮೇಲಿನ ಪಣ. ಅದು ತಪ್ಪೇನಲ್ಲ, ಆದರೆ ಪಣ ಎಂದು ಗೊತ್ತಿದ್ದು ಕಟ್ಟಬೇಕು.

"ನಮ್ಮ ಮಾವ 20 ಲಕ್ಷಕ್ಕೆ ಕೊಂಡಿದ್ದು ಈಗ 1 ಕೋಟಿ" ಎಂಬ ಮಾತು ಕೇಳಿದ ಕೂಡಲೇ "ಎಷ್ಟು ವರ್ಷದಲ್ಲಿ?" ಎಂದು ಕೇಳಿ. 20 ವರ್ಷದಲ್ಲಿ ಐದು ಪಟ್ಟು ಅಂದರೆ ವರ್ಷಕ್ಕೆ ಶೇ. 8.4ರ ಬೆಳವಣಿಗೆ. ಕೆಟ್ಟದ್ದೇನೂ ಅಲ್ಲ, ಆದರೆ ಕೇಳಿದಾಗ ಅನಿಸಿದಷ್ಟು ಅದ್ಭುತವೂ ಅಲ್ಲ. ಅದೂ ಮಧ್ಯದಲ್ಲಿ ಕಟ್ಟಿದ ಬಡ್ಡಿ, ತೆರಿಗೆ, ರಿಪೇರಿ ಕಳೆಯುವ ಮೊದಲು. ಮಾವನ ಕಥೆ ಹೇಳುವವರು 2014ರ ಆಸುಪಾಸಿನಿಂದ 2020ರವರೆಗೆ ದೇಶದ ಅನೇಕ ನಗರಗಳಲ್ಲಿ ಫ್ಲ್ಯಾಟ್ ಬೆಲೆ ಹೆಚ್ಚು ಕಡಿಮೆ ನಿಂತಲ್ಲೇ ನಿಂತಿದ್ದನ್ನು ಹೇಳುವುದಿಲ್ಲ. ಆಗ ಕೊಂಡವರು ಅದನ್ನು ಮದುವೆ ಮನೆಯಲ್ಲಿ ಹೇಳಿಕೊಂಡು ತಿರುಗುವುದೂ ಇಲ್ಲ.

ಇನ್ನೊಂದು ವಿಷಯ. ಬೆಲೆ ಏರುವುದು ಮುಖ್ಯವಾಗಿ ಭೂಮಿಗೆ. ಕಟ್ಟಡಕ್ಕೆ ವಯಸ್ಸಾಗುತ್ತದೆ. ಮಾವ ಕೊಂಡದ್ದು ಸೈಟಾಗಿದ್ದರೆ ಅವರ ಕೈಯಲ್ಲಿ ಇದ್ದದ್ದೆಲ್ಲ ಭೂಮಿ. ಹತ್ತಿಪ್ಪತ್ತು ಅಂತಸ್ತಿನ ಟವರಿನಲ್ಲಿ ನಿಮಗೆ ಸಿಗುವ ಭೂಮಿಯ ಅವಿಭಜಿತ ಪಾಲು, ಅಂದರೆ ಯುಡಿಎಸ್, ಒಂದು ಸಣ್ಣ ತುಂಡು ಅಷ್ಟೇ. ಸೈಟಿನ ಲಾಭದ ಕಥೆ ಹೇಳಿ ಫ್ಲ್ಯಾಟ್ ಮಾರುವುದು ಈ ವ್ಯಾಪಾರದ ಹಳೆಯ ಚಾಳಿ.

ಯಾವ ಊರು, ಯಾವ ಏರಿಯಾ?

ಸಂದೇಶಗಳಲ್ಲಿ ಊರಿನ ಹೆಸರಿಗೆ ಮುಂದೆ 'ಮುಂದಿನ ಬೆಂಗಳೂರು', 'ಮುಂದಿನ ವೈಟ್‌ಫೀಲ್ಡ್' ಎಂದು ಅಂಟಿಸಿರುತ್ತಾರೆ. ಅದರ ಬದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಬಾಡಿಗೆ ಕಟ್ಟುವವರಿಗೆ ಸಂಬಳ ಕೊಡುವುದು ಯಾರು? ಬಾಡಿಗೆ ಬರುವುದು ಗೋಡೆಯಿಂದ ಅಲ್ಲ, ಬಾಡಿಗೆದಾರರ ಸಂಬಳದಿಂದ. ಆ ಸಂಬಳ ಒಂದೇ ಕಡೆಯಿಂದ ಬರುತ್ತಿದ್ದರೆ ನಿಮ್ಮ ಮನೆ ನಿಂತಿರುವುದು ಒಂದೇ ಕಂಬದ ಮೇಲೆ.

ಕೋಲಾರ ಚಿನ್ನದ ಗಣಿಯನ್ನೇ ನೋಡಿ. ಶತಮಾನಕ್ಕೂ ಹೆಚ್ಚು ಕಾಲ ಒಂದು ಇಡೀ ಊರು ಗಣಿಯ ಸೈರನ್ನಿಗೆ ಎದ್ದು ಮಲಗಿತು. ಅಂಗಡಿ, ಶಾಲೆ, ಆಸ್ಪತ್ರೆ, ಸಿನಿಮಾ ಎಲ್ಲವೂ ಅದರ ಸುತ್ತಲೇ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಿಇಎಂಎಲ್ ಕಾರ್ಖಾನೆ ಇದ್ದುದರಿಂದ ಊರು ಪೂರ್ತಿ ಬರಿದಾಗಲಿಲ್ಲ. ಆದರೆ ಅಂದಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವುದು ಕೆಜಿಎಫ್‌ನ ಸಾವಿರಾರು ಜನರ ದಿನಚರಿ. ಅಲ್ಲಿಯ ಗೋಡೆಗಳು ಮೊದಲಿನಷ್ಟೇ ಗಟ್ಟಿಯಾಗಿದ್ದವು, ಅವುಗಳ ಬಾಡಿಗೆ ಕಟ್ಟುತ್ತಿದ್ದ ಸಂಬಳ ನಿಂತಿತ್ತು.

ಅಷ್ಟು ಹಿಂದೆ ಹೋಗಬೇಕಾಗಿಯೂ ಇಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಐಟಿ ಕಂಪನಿಗಳು ಮನೆಯಿಂದ ಕೆಲಸ ಎಂದಾಗ ಮಾರತ್ತಹಳ್ಳಿ, ಬಿಟಿಎಂ ಲೇಔಟ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಪಿಜಿಗಳು, ಸಣ್ಣ ಫ್ಲ್ಯಾಟ್‌ಗಳು ತಿಂಗಳೊಪ್ಪತ್ತಿನಲ್ಲಿ ಖಾಲಿಯಾದವು. ಹುಡುಗರು ಬ್ಯಾಗು ಕಟ್ಟಿಕೊಂಡು ಊರಿಗೆ ಹೋದರು. ಬೀದಿ ಬೀದಿಯಲ್ಲಿ ಟು-ಲೆಟ್ ಬೋರ್ಡು. ಕಟ್ಟಡವನ್ನೇ ಗುತ್ತಿಗೆಗೆ ಹಿಡಿದು ಪಿಜಿ ನಡೆಸುತ್ತಿದ್ದವರು ಬೀಗ ಹಾಕಿದರು, ಸಾಲ ಮಾಡಿ ಕಟ್ಟಿದ ಮಾಲೀಕರಿಗೆ ಬ್ಯಾಂಕಿನ ಕಂತು ಮಾತ್ರ ಉಳಿಯಿತು. ಎರಡು ವರ್ಷದ ನಂತರ ಕಂಪನಿಗಳು ಆಫೀಸಿಗೆ ಕರೆದಾಗ ಅದೇ ಏರಿಯಾಗಳಲ್ಲಿ ಬಾಡಿಗೆ ಜಿಗಿಯಿತು, ಮನೆ ಸಿಗುವುದೇ ಕಷ್ಟವಾಯಿತು. ಆ ಎರಡು ವರ್ಷ ಕಂತು ಕಟ್ಟಿ ಉಳಿದವರಿಗೆ ಲಾಭವಾಯಿತು, ಕಟ್ಟಲಾಗದೆ ನಡುವೆ ಮಾರಿದವರಿಗೆ ಆಗಲಿಲ್ಲ. ಏರಿಯಾ ಒಂದೇ, ಕಟ್ಟಡವೂ ಒಂದೇ. ವ್ಯತ್ಯಾಸ ಮಾಡಿದ್ದು ಕೈಯಲ್ಲಿ ಇಟ್ಟುಕೊಂಡಿದ್ದ ಆಪತ್ತಿನ ಹಣ.

ಒಂದೇ ವಿಶ್ವವಿದ್ಯಾಲಯ, ಒಂದೇ ಕಾರ್ಖಾನೆ, ಒಂದೇ ಟೆಕ್ ಪಾರ್ಕ್ ನಂಬಿದ ಜಾಗಗಳಿಗೆಲ್ಲ ಈ ಮಾತು ಸಲ್ಲುತ್ತದೆ. ಮಣಿಪಾಲದಲ್ಲಿ ವಿದ್ಯಾರ್ಥಿಗಳಿಗೆಂದು ಫ್ಲ್ಯಾಟ್ ಕೊಳ್ಳುವವರು ಸಂಸ್ಥೆ ಹೊಸ ಹಾಸ್ಟೆಲ್ ಕಟ್ಟುತ್ತಿದೆಯೇ ಎಂದು ನೋಡಲೇಬೇಕು. ಇದಕ್ಕೆ ಹೋಲಿಸಿದರೆ ಮಂಗಳೂರಿಗೆ ಬಂದರು ಇದೆ, ಎಂಆರ್‌ಪಿಎಲ್ ಇದೆ, ಸಾಲು ಸಾಲು ಮೆಡಿಕಲ್ ಕಾಲೇಜು, ಆಸ್ಪತ್ರೆಗಳಿವೆ, ಬ್ಯಾಂಕುಗಳಿವೆ. ಹುಬ್ಬಳ್ಳಿ-ಧಾರವಾಡಕ್ಕೆ ರೈಲ್ವೆ ವಲಯ ಕಚೇರಿ, ಹೈಕೋರ್ಟ್ ಪೀಠ, ವಿಶ್ವವಿದ್ಯಾಲಯಗಳು, ಐಐಟಿ, ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಸೆಂಟರ್‌ಗಳಿವೆ. ಒಂದು ಮುಗ್ಗರಿಸಿದರೆ ಇನ್ನೊಂದು ಹಿಡಿಯುತ್ತದೆ. ಇಂಥ ಊರುಗಳಲ್ಲಿ ಬಾಡಿಗೆ ಬೆಂಗಳೂರಿನಂತೆ ಜಿಗಿಯುವುದಿಲ್ಲ ನಿಜ, ಬೆಲೆಯೂ ಅಷ್ಟು ಬೇಗ ಏರದಿರಬಹುದು. ಆದರೆ ನಿವೃತ್ತಿಯ ಹಣ ಹಾಕುವವರಿಗೆ ಜಿಗಿತಕ್ಕಿಂತ ನಿರಂತರತೆ ಮುಖ್ಯ ಎಂಬುದು ನಮ್ಮ ಅಭಿಪ್ರಾಯ.

ನಂತರದ ಪ್ರಶ್ನೆ: ಇಂಥದ್ದೇ ಮನೆ ಇನ್ನೆಷ್ಟು ಬರುತ್ತಿವೆ? ಬೇಡಿಕೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಪೂರೈಕೆಯ ಬಗ್ಗೆ ಯಾರೂ ಇಲ್ಲ. 600 ಫ್ಲ್ಯಾಟಿನ ಪ್ರಾಜೆಕ್ಟ್ ಒಂದೇ ಸಲ ಕೀಲಿ ಕೊಟ್ಟಾಗ ಅದರಲ್ಲಿ ಹೂಡಿಕೆಗೆಂದು ಕೊಂಡ ಇನ್ನೂರು ಜನ ಒಂದೇ ವಾರದಲ್ಲಿ ಬಾಡಿಗೆಗೆ ಬಿಡಲು ಹೊರಡುತ್ತಾರೆ. ನಿಮ್ಮ ಪೈಪೋಟಿ ನಿಮ್ಮ ಪಕ್ಕದ ಬಾಗಿಲಿನವರ ಜೊತೆಗೇ. ಸುತ್ತ ಖಾಲಿ ಜಮೀನು ಹೇರಳವಾಗಿರುವ ಕಡೆ ಹತ್ತು ವರ್ಷವೂ ಹೊಸ ಕಟ್ಟಡ ಏಳುತ್ತಲೇ ಇರುತ್ತವೆ, ಬಾಡಿಗೆದಾರರು ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗುತ್ತಲೇ ಇರುತ್ತಾರೆ.

'ಮೆಟ್ರೋ ಬರ್ತಿದೆ' ಎಂಬುದು ಮತ್ತೊಂದು. ಬರುತ್ತದೆ, ಸುಳ್ಳಲ್ಲ. ಯಾವಾಗ ಎಂಬುದೇ ಲೆಕ್ಕ. ಬೆಂಗಳೂರು ಮೆಟ್ರೋದ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅದರ ಭಾಗವಾದ ಆರ್‌ವಿ ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದಲ್ಲಿ ರೈಲು ಓಡಿದ್ದು 2025ರ ಆಗಸ್ಟ್‌ನಲ್ಲಿ. ಘೋಷಣೆಯಾದ ದಿನವೇ ಮಾರುವವರು ಬೆಲೆಗೆ ಮೆಟ್ರೋ ಸೇರಿಸಿಬಿಡುತ್ತಾರೆ, ಬಾಡಿಗೆದಾರರು ರೈಲು ಓಡಿದ ಮೇಲೆಯೇ ಸೇರಿಸುವುದು. ನಡುವಿನ ವರ್ಷಗಳ ಬಡ್ಡಿ ಕಟ್ಟುವವರು ನೀವು.

ನೀರಿನ ವಿಷಯ ಬೇರೆ ಹೇಳಬೇಕಾಗಿಲ್ಲ ಅನ್ನಿಸುತ್ತದೆ, ಆದರೂ 2024ರ ಬೇಸಿಗೆ ಮರೆಯುವುದು ಬೇಡ. ಬೆಂಗಳೂರಿನ ಪೂರ್ವ ಭಾಗದ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುವ ಸ್ಥಿತಿ ಬಂತು. ಎರಡು ವರ್ಷದ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ಹೊರವರ್ತುಲ ರಸ್ತೆ ಮತ್ತು ಸರ್ಜಾಪುರ ರಸ್ತೆಯ ಕಡೆ ದುಬಾರಿ ಬಡಾವಣೆಗಳೇ ಮುಳುಗಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಮನೆಯನ್ನು ಬೇಸಿಗೆಯಲ್ಲೊಮ್ಮೆ, ಜೋರು ಮಳೆ ಬಂದ ಮಾರನೆಯ ದಿನ ಒಮ್ಮೆ ನೋಡಿ. ಮಾರುವವರು ತೋರಿಸಲು ಆರಿಸುವುದು ಇವೆರಡೂ ಅಲ್ಲದ ದಿನವನ್ನೇ.

ಇದನ್ನೆಲ್ಲ ತಿಳಿಯಲು ತಜ್ಞರು ಬೇಕಿಲ್ಲ. ಕೊಳ್ಳುವವರಂತೆ ಹೋಗದೆ ಬಾಡಿಗೆಗೆ ಮನೆ ಹುಡುಕುವವರಂತೆ ಹೋಗಿ. ಕೊಳ್ಳುವವರಿಗೆ "ಇಲ್ಲಿ 30 ಸಾವಿರ ಬಾಡಿಗೆ ಬರುತ್ತೆ ಸಾರ್" ಎನ್ನುವ ಬ್ರೋಕರ್, ಬಾಡಿಗೆಗೆ ಕೇಳಿದಾಗ "24ಕ್ಕೆ ಮಾತಾಡಿ ಕೊಡಿಸ್ತೀನಿ" ಎನ್ನುತ್ತಾರೆ. ಎರಡನೆಯದೇ ನಿಜವಾದ ಬಾಡಿಗೆ. ಟು-ಲೆಟ್ ಬೋರ್ಡುಗಳನ್ನು ಎಣಿಸಿ, ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ ಅವೇ ಬೋರ್ಡುಗಳು ಹಾಗೇ ಇವೆಯೇ ನೋಡಿ. ಸಂಜೆ ಏಳೆಂಟರ ಹೊತ್ತಿಗೆ ಅಪಾರ್ಟ್‌ಮೆಂಟಿನ ಎಷ್ಟು ಕಿಟಕಿಗಳಲ್ಲಿ ಲೈಟು ಉರಿಯುತ್ತಿದೆ ನೋಡಿ. ಬೀದಿ ಮೂಲೆಯ ದಿನಸಿ ಅಂಗಡಿಯವರಿಗೆ, ಇಸ್ತ್ರಿ ಮಾಡುವವರಿಗೆ, ಸೆಕ್ಯುರಿಟಿಯವರಿಗೆ ಯಾವ ಮನೆ ಎಷ್ಟು ದಿನದಿಂದ ಖಾಲಿ ಎಂಬುದು ಬಾಯಿಪಾಠ.

ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರರದ್ದೇ?

ಇದು ಗ್ರೂಪುಗಳಲ್ಲಿ ಪದೇ ಪದೇ ಸುತ್ತುವ ಇನ್ನೊಂದು ಸಂದೇಶ. ಇದನ್ನು ನಂಬಿ ಒಳ್ಳೆಯ ಬಾಡಿಗೆದಾರರನ್ನು ಸುಮ್ಮನೆ ಖಾಲಿ ಮಾಡಿಸಿದವರೂ ಇದ್ದಾರೆ. 1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷದ ಮಾತು ಇರುವುದು ನಿಜ. ಆದರೆ ಅದು ಮಾಲೀಕರ ಹಕ್ಕನ್ನೇ ಅಲ್ಲಗಳೆದು, ಬಹಿರಂಗವಾಗಿ, ಸತತವಾಗಿ ಆಸ್ತಿಯನ್ನು ಹಿಡಿದುಕೊಂಡವರ ವಿಷಯ. ಕಾನೂನಿನಲ್ಲಿ ಇದನ್ನು ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ. ಬಾಡಿಗೆದಾರರು ಇರುವುದು ನಿಮ್ಮ ಅನುಮತಿಯಿಂದ, ಬಾಡಿಗೆ ಕೊಡುವುದೇ ನೀವು ಮಾಲೀಕರೆಂದು ಒಪ್ಪಿದ್ದಕ್ಕೆ ಸಾಕ್ಷಿ. ಹಾಗೆ 30 ವರ್ಷ ಇದ್ದರೂ ಮನೆ ಅವರದಾಗುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಪ್ರತಿಕೂಲ ಸ್ವಾಧೀನದ ಬಗ್ಗೆ ಕೊಟ್ಟ ತೀರ್ಪನ್ನು ಬಾಡಿಗೆದಾರರಿಗೂ ಅನ್ವಯ ಎಂದು ಹಂಚುವುದು ತಪ್ಪು.

ಎಚ್ಚರ ಬೇಕಾದದ್ದು ಒಂದು ಕಡೆ. ಬಾಡಿಗೆ ಸಂಬಂಧ ಮುಗಿಸಿದ ಮೇಲೆ ಮನೆ ಬಿಡಿಸಿಕೊಳ್ಳಲು ದಾವೆ ಹೂಡುವ ಅವಧಿ 12 ವರ್ಷ. ಕರಾರು ಇಲ್ಲದೆ, ಬಾಡಿಗೆಯ ದಾಖಲೆಯೂ ಇಲ್ಲದೆ, ದೂರದ ನೆಂಟರಿಗೆ ಬಾಯಿ ಮಾತಿನಲ್ಲಿ ಮನೆ ಕೊಟ್ಟು ದಶಕಗಟ್ಟಲೆ ತಿರುಗಿ ನೋಡದವರಿಗೆ ತೊಂದರೆ ಆಗುವುದು ಇಲ್ಲಿ. ಬರೆದ ಕರಾರು ಮತ್ತು ಬ್ಯಾಂಕಿನ ಮೂಲಕ ಬಾಡಿಗೆ, ಎರಡಿದ್ದರೆ ಭಯವಿಲ್ಲ.

11 ತಿಂಗಳ ಕರಾರಿನಲ್ಲೂ ಮಾಂತ್ರಿಕ ಶಕ್ತಿ ಏನಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು 11 ತಿಂಗಳು, ಅಷ್ಟೇ. ಕರ್ನಾಟಕ ಬಾಡಿಗೆ ಕಾಯ್ದೆ 1999 ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಆದ್ದರಿಂದ ಇವತ್ತಿನ ಹೆಚ್ಚಿನ ಮನೆಗಳು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನಿಮ್ಮ ಕರಾರಿನ ಮಾತಿಗೇ ಒಳಪಡುತ್ತವೆ. ಕರಾರಿನಲ್ಲಿ ಏನು ಬರೆದಿದೆ ಎಂದು ಓದದೆ ಸೈಬರ್ ಕೆಫೆಯ ನಮೂನೆಗೆ ಸಹಿ ಹಾಕುವುದು ಯಾಕೆ ಅಪಾಯ ಎಂಬುದು ಇದರಿಂದ ಅರ್ಥವಾಗಬಹುದು.

ಇದಕ್ಕಿಂತ ದೊಡ್ಡ ಅಪಾಯ ಭೋಗ್ಯದಲ್ಲಿದೆ. ಬೆಂಗಳೂರಿನಲ್ಲಿ ಇದನ್ನು 'ಲೀಸ್' ಎಂದೇ ಕರೆಯುತ್ತಾರೆ. 10 ಲಕ್ಷವೋ 15 ಲಕ್ಷವೋ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಪೂರ್ತಿ ಹಣ ವಾಪಸ್. ಮಾಲೀಕರಿಗೆ ಇದು ಬಡ್ಡಿಯಿಲ್ಲದ ಸಾಲದಂತೆ ಕಾಣುತ್ತದೆ. ಸಾಲವೇ ಹೌದು. ಹಣ ಖರ್ಚಾಗಿ, ಮುಂದಿನ ಭೋಗ್ಯದಾರರು ಸಿಗದಿದ್ದರೆ ಹಳಬರಿಗೆ ಕೊಡಲು ಎಲ್ಲಿಂದ ತರುವುದು? ಭೋಗ್ಯಕ್ಕೆ ಬರುವವರಿಗೂ ಅಪಾಯ ಇದೆ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಮಾಲೀಕರು ಸಾಲ ಕಟ್ಟದಿದ್ದರೆ ಬ್ಯಾಂಕು ಬಾಗಿಲಿಗೆ ಬರುತ್ತದೆ. ಮಧ್ಯವರ್ತಿಗಳು ಓನರಿಗೆ ತಿಂಗಳ ಬಾಡಿಗೆ ಎಂದು ಹೇಳಿ, ಒಳಗೆ ಬರುವವರಿಂದ ಭೋಗ್ಯದ ಹಣ ಪಡೆದು, ಕೆಲವು ತಿಂಗಳ ನಂತರ ಮಾಯವಾದ ಪ್ರಕರಣಗಳು ಬೆಂಗಳೂರಿನ ಪೊಲೀಸ್ ಠಾಣೆಗಳನ್ನು ಹತ್ತಿವೆ. ಓನರ್ ಮತ್ತು ವಾಸ ಇರುವವರು ಒಬ್ಬರನ್ನೊಬ್ಬರು ನೇರವಾಗಿ ನೋಡಿ ಮಾತಾಡಿದ್ದರೆ ಈ ಆಟ ನಡೆಯುವುದಿಲ್ಲ.

ಬಡ್ಡಿ, ಕಾಗದಪತ್ರ, ತೆರಿಗೆ

ಗೃಹಸಾಲದ ಬಡ್ಡಿ 20 ವರ್ಷ ಒಂದೇ ಇರುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ. 4ರಿಂದ ಶೇ. 6.5ಕ್ಕೆ ಏರಿಸಿತು. 64 ಲಕ್ಷ ಸಾಲದ ಬಡ್ಡಿ ಶೇ. 6.75ರಿಂದ ಶೇ. 9.25ಕ್ಕೆ ಹೋದರೆ ತಿಂಗಳ ಕಂತು 48,700ರಿಂದ 58,600ಕ್ಕೆ ಏರಬೇಕು. ಬ್ಯಾಂಕುಗಳು ಸಾಮಾನ್ಯವಾಗಿ ಕಂತು ಏರಿಸದೆ ಅವಧಿ ಉದ್ದ ಮಾಡಿದ್ದರಿಂದ ಹಲವರಿಗೆ ಏಟು ಬಿದ್ದದ್ದೇ ತಿಳಿಯಲಿಲ್ಲ. ನಿವೃತ್ತಿಯ ನಂತರವೂ ಕಂತು ಮುಂದುವರಿಯುವುದು ಹೀಗೆ. 2025ರಲ್ಲಿ ದರ ಇಳಿಯಿತು, ಮುಂದೆ ಮತ್ತೆ ಏರಬಹುದು. ಇವತ್ತಿನ ಬಡ್ಡಿಗಿಂತ ಎರಡು ಅಂಶ ಹೆಚ್ಚಿಟ್ಟು, ಮನೆ ಆರು ತಿಂಗಳು ಖಾಲಿ ಎಂದುಕೊಂಡು ಲೆಕ್ಕ ಹಾಕಿ. ಆಗಲೂ ಮನೆ ನಡೆಯುತ್ತದೆ ಎಂದರೆ ಸಾಲ ತೆಗೆದುಕೊಳ್ಳಬಹುದು.

ಕಾಗದದ ಬಗ್ಗೆ ಚಿಕ್ಕದಾಗಿ: ಇ-ಖಾತಾ ಇದೆಯೇ, ಅದು ಎ ಖಾತೆಯೋ ಬಿ ಖಾತೆಯೋ, ಕಾವೇರಿ ಆನ್‌ಲೈನ್‌ನಲ್ಲಿ ಇಸಿ ತೆಗೆದರೆ ಯಾವ ಸಾಲ ಕಾಣುತ್ತದೆ, ಕಟ್ಟಡಕ್ಕೆ ಸ್ವಾಧೀನ ಪ್ರಮಾಣಪತ್ರ ಅಂದರೆ ಒಸಿ ಸಿಕ್ಕಿದೆಯೇ, ಹೊಸ ಪ್ರಾಜೆಕ್ಟಾದರೆ ರೇರಾ ನೋಂದಣಿ ಇದೆಯೇ. ಇವನ್ನು ಮಾರುವವರು ತೋರಿಸಿದ ವಕೀಲರಲ್ಲ, ನೀವು ಹಣ ಕೊಟ್ಟ ವಕೀಲರು ನೋಡಬೇಕು. ಸಣ್ಣ ಸೈಟಿನಲ್ಲಿ ನಕ್ಷೆ ಮೀರಿ ಐದಾರು ಮಹಡಿ ಎತ್ತಿದ ಬಾಡಿಗೆ ಕಟ್ಟಡಗಳಲ್ಲಿ ಯೀಲ್ಡ್ ಹೆಚ್ಚು ಕಾಣುತ್ತದೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅಕ್ರಮ ಮಹಡಿಯ ಬಾಡಿಗೆಯನ್ನು ಆದಾಯ ಎಂದು ಲೆಕ್ಕಕ್ಕೆ ಹಿಡಿಯುವುದೇ ತಪ್ಪು.

"ಗೃಹಸಾಲದಿಂದ ತೆರಿಗೆ ಉಳಿಯುತ್ತೆ" ಎಂಬ ಮಾತು ಹಳೆಯ ತೆರಿಗೆ ಪದ್ಧತಿಯದ್ದು. ಬಾಡಿಗೆ ಆದಾಯದಲ್ಲಿ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ಖರ್ಚಿನ ಬಾಬ್ತಿಗೆ ಕಳೆಯಬಹುದು, ಸಾಲದ ಬಡ್ಡಿಯನ್ನೂ ಕಳೆಯಬಹುದು. ನಮ್ಮ ಫ್ಲ್ಯಾಟಿನಲ್ಲಿ ಹೀಗೆ ಕಳೆದರೆ ಮೂರೂವರೆ ಲಕ್ಷದಷ್ಟು ನಷ್ಟ ಕಾಣುತ್ತದೆ. ಹಳೆಯ ಪದ್ಧತಿಯಲ್ಲಿ ಅದರಲ್ಲಿ 2 ಲಕ್ಷದವರೆಗೆ ಸಂಬಳದಿಂದ ಕಳೆಯಲು ಅವಕಾಶವಿದೆ. ಹೊಸ ಪದ್ಧತಿಯಲ್ಲಿ ಬಾಡಿಗೆಗೆ ತೆರಿಗೆ ಬೀಳುವುದಿಲ್ಲ ಅಷ್ಟೇ, ಸಂಬಳದ ತೆರಿಗೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ಬಿಲ್ಡರ್‌ಗಳ ಕರಪತ್ರದಲ್ಲಿ ಇನ್ನೂ ಹಳೆಯದೇ ಅಚ್ಚಾಗುತ್ತಿದೆ.

ವಿದೇಶದಲ್ಲಿರುವ ಕನ್ನಡಿಗರು ಇನ್ನೊಂದನ್ನು ಗಮನಿಸಬೇಕು. ಮಾಲೀಕರು ಎನ್‌ಆರ್‌ಐ ಆಗಿದ್ದರೆ ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರರು ಶೇ. 30ಕ್ಕೂ ಹೆಚ್ಚು ಟಿಡಿಎಸ್ ಕಡಿದು ಸರ್ಕಾರಕ್ಕೆ ಕಟ್ಟಬೇಕು. ಈ ತಲೆನೋವು ಬೇಡವೆಂದು ಎಷ್ಟೋ ಬಾಡಿಗೆದಾರರು ಅಂಥ ಮನೆಗೆ ಬರುವುದಿಲ್ಲ.

ಮನೆ ಕೊಳ್ಳದೆ ಬಾಡಿಗೆ?

2019ರ ಏಪ್ರಿಲ್‌ನಲ್ಲಿ ಬೆಂಗಳೂರು ಮೂಲದ ಎಂಬಸಿ ಆಫೀಸ್ ಪಾರ್ಕ್ಸ್ ಷೇರುಪೇಟೆಗೆ ಬಂದಾಗಿನಿಂದ ಭಾರತದಲ್ಲಿ ರೀಟ್ ಎಂಬ ದಾರಿಯೂ ಇದೆ. ಆಫೀಸ್ ಕಟ್ಟಡ, ಮಾಲ್‌ಗಳ ಬಾಡಿಗೆ ಸಂಗ್ರಹಿಸಿ, ಹಂಚಬಹುದಾದ ಹಣದಲ್ಲಿ ಕನಿಷ್ಠ ಶೇ. 90ನ್ನು ಯೂನಿಟ್‌ದಾರರಿಗೆ ಕೊಡಬೇಕೆಂಬುದು ಸೆಬಿ ನಿಯಮ. ಕೆಲವು ನೂರು ರೂಪಾಯಿಗೆ ಒಂದು ಯೂನಿಟ್ ಸಿಗುತ್ತದೆ, ಬೇಕೆಂದಾಗ ಮಾರಬಹುದು, ನಲ್ಲಿ ರಿಪೇರಿಗೆ ಫೋನ್ ಬರುವುದಿಲ್ಲ. ಬೆಲೆ ಮಾತ್ರ ಷೇರಿನಂತೆ ದಿನವೂ ಏರಿಳಿಯುತ್ತದೆ.

ಇಲ್ಲೂ ಅದೇ ಹಳೆಯ ಪ್ರಶ್ನೆ ಕೇಳಬೇಕು, ಬಾಡಿಗೆ ಕಟ್ಟುವವರು ಯಾರು ಎಂದು. ಆಫೀಸ್ ರೀಟ್‌ಗಳ ಕಟ್ಟಡಗಳಲ್ಲಿ ದೊಡ್ಡ ಪಾಲು ಐಟಿ ಮತ್ತು ಬಹುರಾಷ್ಟ್ರೀಯ ಕಂಪನಿಗಳದ್ದು. ಐಟಿಯಲ್ಲೇ ಕೆಲಸ ಮಾಡುತ್ತಾ, ಟೆಕ್ ಪಾರ್ಕ್ ಪಕ್ಕ ಸಾಲ ಮಾಡಿ ಫ್ಲ್ಯಾಟ್ ಕೊಂಡು, ಇನ್ನೊಬ್ಬ ಐಟಿ ಉದ್ಯೋಗಿಗೆ ಬಾಡಿಗೆ ಕೊಟ್ಟು, ಉಳಿದ ಹಣವನ್ನು ಆಫೀಸ್ ರೀಟ್‌ನಲ್ಲಿ ಹಾಕಿದವರ ಸಂಬಳ, ಬಾಡಿಗೆ, ಮನೆಯ ಬೆಲೆ, ಉಳಿತಾಯ ನಾಲ್ಕೂ ಒಂದೇ ಉದ್ಯಮದ ಮೇಲೆ ನಿಂತಿವೆ. ಆ ಉದ್ಯಮದಲ್ಲಿ ಕೆಲಸ ಕಡಿತ ಶುರುವಾದರೆ ನಾಲ್ಕಕ್ಕೂ ಒಟ್ಟಿಗೆ ಪೆಟ್ಟು ಬೀಳುತ್ತದೆ, ಆದರೆ ಕಂತಿನ ದಿನಾಂಕ ಬದಲಾಗುವುದಿಲ್ಲ. ಅಂಥವರಿಗೆ ಎರಡನೇ ಫ್ಲ್ಯಾಟಿಗಿಂತ ಒಂದು ವರ್ಷದ ಕಂತಿನಷ್ಟು ಹಣ ಠೇವಣಿಯಲ್ಲಿ ಇರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.